ಡಾಕ್ಟರ ಸಹಿಗೆ ಮುಂಚೆ ದಾರ ಪೋಣಿಸದ ಇಲೋನಾ

ಬೆಳಗಿನ ಐದು ಗಂಟೆ. ಮಾಮೀ ನದಿಯ ಮೇಲಿನ ಮಂಜುಗಡ್ಡೆ ಒಡೆಯುತ್ತಿರುವ ಮಾರ್ಚ್ ತಿಂಗಳು. ಟೊಲೀಡೊ ಪೈಲಟ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕ್ರೀಡಾಂಗಣದ ನೆಲಮಾಳಿಗೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕೂತ ಇಲೋನಾ ಬೋದ್ನಾರ್, ಕೂಸನ್ನು ಬೋರಲು ಮಲಗಿಸಿಕೊಂಡ ಹಾಗೆ ಒಂದು ನೀಲಿ ಜರ್ಸಿಯನ್ನು ತೊಡೆಯ ಮೇಲೆ ಹರಡಿಕೊಂಡು, ಅದರ ಬೆನ್ನ ಮೇಲಿನ ಹೆಸರಿನ ಹೊಲಿಗೆ ಬಿಚ್ಚುತ್ತಿದ್ದಾರೆ. ಕೊಕ್ಕೆ ನುಸುಳುತ್ತದೆ, ದಾರ ತುಂಡಾಗುತ್ತದೆ, ಹೆಸರಿನ ಪಟ್ಟಿ ಅಂಗೈಯಷ್ಟು ಏಳುತ್ತದೆ. ಹತ್ತು ನಿಮಿಷಕ್ಕೆ ಒಬ್ಬ ಆಟಗಾರ ಈ ಊರಿನವನಲ್ಲ ಎಂದಾಗುತ್ತದೆ.

ಹೋದ ಋತುವಿನಲ್ಲಿ ಪೈಲಟ್ಸ್ ಹದಿನೇಳು ಪಂದ್ಯ ಆಡಿ ಗೆದ್ದದ್ದು ಮೂರು. ಹೊಸ ಮ್ಯಾನೇಜರ್ ಬಂದು ತಂಡವನ್ನು ಬುಡದಿಂದ ಕಟ್ಟುತ್ತೇನೆ ಎಂದಿದ್ದಾನೆ. ಐವತ್ಮೂರು ಜನರಲ್ಲಿ ಇಪ್ಪತ್ತೊಂಬತ್ತು ಜನ ಹೋಗಿದ್ದಾರೆ. ಒಬ್ಬೊಬ್ಬರಿಗೂ ನಾಲ್ಕು ಜರ್ಸಿ, ಅಂದರೆ ನೂರ ಹದಿನಾರು ಬೆನ್ನುಗಳು. ಅಷ್ಟನ್ನೂ ಬಿಚ್ಚಿ, ಒಗೆಸಿ, ಬರುವವರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಲಿಯಬೇಕು. ಪತ್ರಿಕೆಗಳಲ್ಲಿ ತಂಡ ಕಟ್ಟುವುದೆಂದರೆ ದೊಡ್ಡ ದೊಡ್ಡ ಮಾತು. ನೆಲಮಾಳಿಗೆಯಲ್ಲಿ ಅದು ಅರವತ್ತೇಳು ವರ್ಷದ ಒಬ್ಬ ಹೆಂಗಸು ಮತ್ತು ಒಂದು ಹೊಲಿಗೆ ಯಂತ್ರ.

ಎಲ್ಲರೂ ಅವರನ್ನು ‘ನೇನಿ’ ಎನ್ನುತ್ತಾರೆ. ಹಂಗೇರಿಯವರ ಮಾತಿನಲ್ಲಿ ಚಿಕ್ಕಮ್ಮ, ಅತ್ತೆ, ಎದುರುಮನೆ ಹಿರಿಯಾಕೆ ಎಲ್ಲಕ್ಕೂ ಅದೊಂದೇ ಪದ. ನದಿಯ ಆಚೆ ದಡದ ಹಂಗೇರಿಯನ್ನರ ಕೇರಿಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಈಗಲೂ ಅಲ್ಲೇ ಇದ್ದಾರೆ. ಇಪ್ಪತ್ತೆರಡು ವರ್ಷ ಕಾರಿನ ಸೀಟಿನ ಹೊದಿಕೆ ಹೊಲಿದರು. ಕಾರ್ಖಾನೆ ಮುಚ್ಚಿದ ವಾರವೇ ಗಂಡ ಯಾನೋಷ್ ಹಾಸಿಗೆ ಹಿಡಿದರು; ಗಾಜಿನ ಕುಲುಮೆಯ ಧೂಳು ಅವರ ಎದೆಯಲ್ಲಿ ಕೂತಿತ್ತು. “ಸೀಟಿಗೆ ಹೊಲಿಯೋಳು ಬೆನ್ನಿಗೆ ಹೊಲಿಯೋಕೆ ಬಂದೆ,” ಎನ್ನುತ್ತಾರೆ ಇಲೋನಾ. “ಜಾಸ್ತಿ ದೂರವೇನೂ ಬರಲಿಲ್ಲ.”

ಆಟಗಾರರು ಇಲ್ಲಿಗೆ ಎರಡು ದಾರಿಯಲ್ಲಿ ಬರುತ್ತಾರೆ. ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯ ಪ್ರಕಾರ ಕಾಲೇಜು ಹುಡುಗರನ್ನು ಆರಿಸುತ್ತವೆ. ಹೆಸರು ಕೂಗಿದ ಊರಿಗೆ ಹುಡುಗ ಹೋಗಲೇಬೇಕು. ಮಾರ್ಚ್‌ನಲ್ಲಿ ಬರುವವರು ಕರಾರು ಮುಗಿದವರು, ಕೈಬಿಡಲ್ಪಟ್ಟವರು. ಅವರನ್ನು ಫ್ರೀ ಏಜೆಂಟ್ ಎನ್ನುತ್ತಾರೆ. ಒಂದು ಹಿರಿಯರು ಗೊತ್ತು ಮಾಡಿದ ಸಂಬಂಧ, ಇನ್ನೊಂದು ಮೆಚ್ಚಿ ಆದದ್ದು. ಆದರೆ ಈ ಎರಡನೆಯದಕ್ಕೆ ಒಂದು ಕಂಟಕವಿದೆ. ಮಾತುಕತೆ ಮುಗಿದು ಕೈ ಕುಲುಕಿದ್ದರೂ ತಂಡದ ಡಾಕ್ಟರು ಮೈ ಪರೀಕ್ಷೆ ಮಾಡಿ ಸಹಿ ಹಾಕುವ ತನಕ ಏನೂ ಆದಂತಲ್ಲ.

ಇಲೋನಾ ಅದನ್ನು ಕಲಿತದ್ದು ಒಂದು ತಪ್ಪಿನಿಂದ. ಒಂಬತ್ತು ವರ್ಷದ ಹಿಂದೆ ಚೆಂಡು ಹಿಡಿದು ಓಡುವ ಟೆರಿಲ್ ಗ್ಯಾಂಬ್ರೆಲ್ ಎಂಬ ಆಟಗಾರನ ಜೊತೆ ಸೋಮವಾರ ಮಾತಾಯಿತು. ಬರುವಾಗಲೇ ಕಣ್ಣಿಗೆ ಬೀಳಲಿ ಎಂದು ಇವರು ಆಸೆಯಿಂದ ಹೆಸರು ಹೊಲಿದು ಅವನ ಕಪಾಟಿನಲ್ಲಿ ತೂಗುಹಾಕಿದರು. ಮಂಗಳವಾರ ಅವನು ಹೆಂಡತಿ, ಅತ್ತೆ ಸಮೇತ ಬಂದು ಅದರ ಮುಂದೆ ಫೋಟೊ ತೆಗೆಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಿಗೆ ಅವನ ಕತ್ತಿನ ಮೂಳೆಯಲ್ಲಿ ಬಿರುಕು ಕಂಡಿತು.

“ಅವನೇ ಕೆಳಗೆ ಬಂದ. ಜರ್ಸಿನ ಮಡಚಿ, ಇಸ್ತ್ರಿ ಮಾಡಿದ ಹಾಗೆ ಮಡಚಿ, ನನ್ನ ಕೈಗೆ ಕೊಟ್ಟು ‘ಹೊಲಿಗೆ ಚೆನ್ನಾಗಿದೆ ಮ್ಯಾಮ್’ ಅಂದ. ಅದನ್ನ ಬಿಚ್ಚೋಕೆ ನಂಗೆ ಎರಡು ದಿನ ಬೇಕಾಯ್ತು. ಕೆಲಸ ಇರೋದು ಹತ್ತು ನಿಮಿಷದ್ದು,” ಎನ್ನುತ್ತಾರೆ.

ಅಂದಿನಿಂದ ಡಾಕ್ಟರ ಸಹಿಯ ಕಾಗದ ಮೇಜಿನ ಮೇಲೆ ಬೀಳದೆ ಅವರು ಸೂಜಿಗೆ ದಾರ ಪೋಣಿಸುವುದಿಲ್ಲ.

ಈ ಬೆಳಿಗ್ಗೆ ಮೇಜಿನ ಒಂದು ಬದಿಯಲ್ಲಿ ಹೆಸರಿಲ್ಲದ ಜರ್ಸಿಯೊಂದು ಕಾಯುತ್ತಿದೆ. ಸಂಖ್ಯೆ ಅರವತ್ನಾಲ್ಕು. ಒಂಬತ್ತು ಗಂಟೆಗೆ ಪರೀಕ್ಷೆ ಇರುವುದು ಸೆಫೊ ತುಯಿಮಾನುಫಿಲಿಗೆ. ಹನ್ನೆರಡು ವರ್ಷದ ಹಿಂದೆ ಪೈಲಟ್ಸ್ ಡ್ರಾಫ್ಟ್‌ನಲ್ಲಿ ಆರಿಸಿದ ಸಮೋವಾದ ಹುಡುಗ. ಸಾಲಿನ ನಟ್ಟನಡುವೆ ಬಗ್ಗಿ ಚೆಂಡನ್ನು ಹಿಂದಕ್ಕೆ ಕೊಟ್ಟು, ಮರುಕ್ಷಣವೇ ಎದುರಾಳಿಗೆ ಎದೆ ಕೊಡುವವನು. ಆರು ವರ್ಷ ಆಡಿದ. ಆಗಲೂ ಒಬ್ಬ ಮ್ಯಾನೇಜರ್ ತಂಡ ಕಟ್ಟಲು ಹೊರಟಿದ್ದ, ಸೆಫೊನನ್ನು ಕೈಬಿಟ್ಟರು. ಆಮೇಲೆ ಬೇರೆ ಎರಡು ಊರು, ಮಂಡಿಗೆ ಎರಡು ಶಸ್ತ್ರಚಿಕಿತ್ಸೆ. ಈಗ ಮೂವತ್ನಾಲ್ಕು. ಈ ವರ್ಷ ಅವನಿಗೆ ಫೋನ್ ಮಾಡಿದ ತಂಡ ಇದೊಂದೇ. ಇಂದು ಸಹಿ ಬೀಳದಿದ್ದರೆ ಅವನ ಆಟ ಮುಗಿಯಿತು.

ಯಾನೋಷ್ ತೀರಿಕೊಂಡಾಗ ಶವಪೆಟ್ಟಿಗೆ ಹೊರಲು ಆರು ಜನ ಬೇಕೆಂದು ಪಾದ್ರಿ ಹೇಳಿ ಕಳಿಸಿದ್ದರು. ಹೊರಲು ಬಂದದ್ದು ಪೈಲಟ್ಸ್ ತಂಡದ ಮುಂಚೂಣಿಯ ನಾಲ್ಕು ಜನ. ಅಷ್ಟೇ ಸಾಕಾಯಿತು. ಮುಂದಿನ ಬಲಮೂಲೆ ಹಿಡಿದವನು ಸೆಫೊ.

ಏಳೂವರೆಗೆ ಬಾಗಿಲು ಪೂರ್ತಿ ಮುಚ್ಚಿಹೋಗುವಂತೆ ಅವನು ಬಂದು ನಿಲ್ಲುತ್ತಾನೆ. ಕೈಯಲ್ಲಿ ಅವನ ತಾಯಿ ಮಾಡಿಕೊಟ್ಟ ತೆಂಗಿನಹಾಲಿನ ಬನ್ನುಗಳ ಡಬ್ಬ.

“ನೇನಿ, ಇನ್ನೂ ಅದೇ ಕನ್ನಡಕಾನಾ?”

“ನಿನ್ನ ಮಂಡಿ ಅದೇನಾ, ಅದನ್ನ ಮೊದ್ಲು ಹೇಳು.”

“ಅರ್ಧ ಅದೇ. ಇನ್ನರ್ಧ ಯಾವುದೋ ಅಂಗಡೀದು.”

“ಕೂತ್ಕೋ. ಆ ಕುರ್ಚಿ ಬೇಡ, ಅದು ಮನುಷ್ಯರಿಗೆ.”

ಸೆಫೊ ಪೆಟ್ಟಿಗೆಯ ಮೇಲೆ ಕೂರುತ್ತಾನೆ. ಅರವತ್ನಾಲ್ಕರ ಜರ್ಸಿ ಅವನ ಕಣ್ಣಿಗೆ ಬಿದ್ದಿದೆ. ಅದರ ಬೆನ್ನು ಖಾಲಿ ಇರುವುದೂ ಕಂಡಿದೆ. ಕೇಳುವುದಿಲ್ಲ. ಗ್ಯಾಂಬ್ರೆಲ್ ಜರ್ಸಿ ಮಡಚಿಕೊಟ್ಟ ದಿನ ಅವನೂ ಇದೇ ಕೋಣೆಯಲ್ಲಿದ್ದ. ಸಾಮಾನು ಕೋಣೆಯ ಮುಖ್ಯಸ್ಥ ವೆಂಡೆಲ್ ಟಿಬ್ಸ್ ಮಾತ್ರ ಬನ್ ಅಗಿಯುತ್ತಾ ಕೆಣಕುತ್ತಾರೆ.

“ಶುರು ಮಾಡಿ ನೇನಿ. ಇವನ ಹೆಸರು ಈ ಕಂಕುಳಿಂದ ಆ ಕಂಕುಳ ತನಕ ಇದೆ. ಈಗ ಕೂತ್ರೆ ಕ್ರಿಸ್ಮಸ್ ಹೊತ್ತಿಗೆ ಮುಗಿಯುತ್ತೆ.”

“ಹನ್ನೊಂದು ಅಕ್ಷರ, ಹದಿನೇಳೂವರೆ ಅಂಗುಲ. ಕಣ್ಣು ಮುಚ್ಚಿ ಹೊಲೀತೀನಿ. ಕಾಗದ ಬರಲಿ.”

“ಡಾಕ್ಟರು ನನ್ನ ಜೊತೆ ಮೀನು ಹಿಡಿಯೋಕೆ ಬರೋರು. ನಾನು ಹೇಳ್ತೀನಿ ಬಿಡಿ.”

“ನೀನು ಹಿಡಿದ ಮೀನು ನೋಡಿದೀನಿ ವೆಂಡೆಲ್. ಸುಮ್ನಿರು.”

ಸೆಫೊ ನಗುತ್ತಾ ಏಳುತ್ತಾನೆ. ಮೆಟ್ಟಿಲು ಹತ್ತುವಾಗ ಬಲಗೈ ಕಂಬಿಯನ್ನು ಬಿಡುವುದಿಲ್ಲ. ಇಲೋನಾ ಅದನ್ನು ನೋಡುತ್ತಾರೆ, ಮತ್ತೆ ತಲೆ ಬಗ್ಗಿಸಿ ಬೇರೊಬ್ಬನ ಹೆಸರು ಬಿಚ್ಚತೊಡಗುತ್ತಾರೆ.

ಒಂಬತ್ತಾಗುತ್ತದೆ, ಹತ್ತಾಗುತ್ತದೆ. ಇಷ್ಟು ಹೊತ್ತಿಗೆ ಸಾಮಾನ್ಯವಾಗಿ ಕಾಗದ ಬರುತ್ತದೆ. ಎರಡನೇ ಸಲ ಮಂಡಿಯ ಸ್ಕ್ಯಾನ್ ಮಾಡುತ್ತಿದ್ದಾರೆ ಎಂದು ವೆಂಡೆಲ್ ಮೇಲಿನಿಂದ ಸುದ್ದಿ ತರುತ್ತಾರೆ. ಈಗ ಅವರು ಕೆಣಕುವುದಿಲ್ಲ. ಇಲೋನಾ ಬಿಳಿ ದಾರದ ಉಂಡೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಮತ್ತೆ ದೂರ ಸರಿಸುತ್ತಾರೆ. ಅವರ ಬೆರಳ ಗೆಣ್ಣುಗಳು ಊದಿಕೊಂಡಿವೆ. ಚಳಿಗಾಲದಲ್ಲಿ ಬಿಸಿನೀರಿನ ಬಟ್ಟಲಲ್ಲಿ ಅದ್ದಿಕೊಂಡೇ ಕೆಲಸ. ಇವತ್ತು ಆ ನೀರು ತಣ್ಣಗಾಗಿದೆ, ಯಾರೂ ಬದಲಾಯಿಸಿಲ್ಲ.

ಹನ್ನೊಂದೂವರೆಗೆ ಸೆಫೊ ಬರುತ್ತಾನೆ. ಕೈಯಲ್ಲಿ ಕಾಗದವಿಲ್ಲ.

“ಮೂಳೆ ಮೂಳೆಗೆ ಉಜ್ತಾ ಇದೆಯಂತೆ,” ಎಂದು ಪೆಟ್ಟಿಗೆಯ ಮೇಲೆ ಕೂರುತ್ತಾನೆ. “ನೀವು ಹೊಲಿದಿಲ್ಲ ತಾನೆ?”

“ಇಲ್ಲ ಕಣೋ.”

“ಒಳ್ಳೇದಾಯ್ತು. ಮಡಚೋಕೆ ನಂಗೆ ಬರಲ್ಲ.”

ಇಲೋನಾ ಡಬ್ಬದಿಂದ ಒಂದು ಬನ್ ತೆಗೆದು ಅವನ ಕೈಯಲ್ಲಿಡುತ್ತಾರೆ. ಅವನು ತಿನ್ನುತ್ತಾನೆ. ವೆಂಡೆಲ್ ಗೋಡೆಯ ಕಡೆ ತಿರುಗಿ ಹೆಲ್ಮೆಟ್‌ಗಳನ್ನು ಎಣಿಸುತ್ತಾರೆ, ಎಣಿಸಿದ್ದನ್ನೇ ಎಣಿಸುತ್ತಾರೆ.

ಅರವತ್ನಾಲ್ಕು ಅಂಕೆಯ ಆ ಜರ್ಸಿ ಈಗ ಖಾಲಿ ಉಳಿದಿಲ್ಲ. ಏಪ್ರಿಲ್‌ನ ಡ್ರಾಫ್ಟ್ ಮುಗಿದು ಎರಡು ವಾರವಾಗಿದೆ. ಮೂರನೇ ಸುತ್ತಿನಲ್ಲಿ ಬಂದ ಕ್ವಿಲೆನ್ ಎಂಬ ಹುಡುಗನಿಗೆ ಅದು ಹೋಗಿದೆ. ಏಳೇ ಅಕ್ಷರ, ಬೇಗ ಮುಗಿಯಿತು. ನಡುಸಾಲಿನಲ್ಲಿ ಬಗ್ಗುವ ಕೆಲಸವೂ ಅವನದೇ. ಇಪ್ಪತ್ತೆರಡರ ಅವನಿಗೆ ತನ್ನ ಕಾಲು ಎಲ್ಲಿಡಬೇಕೆಂದೇ ಗೊತ್ತಿಲ್ಲವೆಂದು ಮೈದಾನದಿಂದ ಬೈಗುಳ ಕೇಳಿಸುತ್ತದೆ. ಬೈಯುತ್ತಿರುವ ದನಿ ಸೆಫೊನದು. ಮುಂಚೂಣಿಯವರಿಗೆ ಪಾಠ ಹೇಳಲು ಒಬ್ಬ ಸಹಾಯಕ ಬೇಕೆಂದು ತರಬೇತುದಾರರು ಅವನನ್ನು ಕೇಳಿದ್ದರು. ಮೂರು ವಾರ ಮನೆಯಲ್ಲಿದ್ದು, ನಾಲ್ಕನೇ ವಾರ ಬಂದ.

ಹೊಸಬರಲ್ಲಿ ಈಗ ಇಪ್ಪತ್ನಾಲ್ಕು ಹೆಸರು ಆಗಿವೆ. ಇನ್ನೂ ಐದು ಬಾಕಿ. ಬೇಸಿಗೆಯ ಶಿಬಿರಕ್ಕೆ ತೊಂಬತ್ತು ಜನ ಬರುತ್ತಾರೆ, ಉಳಿಯುವವರು ಐವತ್ಮೂರು. ಸೆಪ್ಟೆಂಬರಿಗೆ ಮುಂಚೆ ಮೂವತ್ತೇಳು ಜನರದ್ದು ಮತ್ತೆ ಬಿಚ್ಚಬೇಕು. ಬಿಚ್ಚಿದ ಪಟ್ಟಿಗಳನ್ನು ನೆನಪಿಗೆ ಇಟ್ಟುಕೊಳ್ಳುತ್ತೀರಾ ಎಂದರೆ ಇಲೋನಾ ತಲೆ ಅಲ್ಲಾಡಿಸುತ್ತಾರೆ. “ಎಲ್ಲಾ ಕತ್ತರಿಸಿ ಬಿಸಾಕ್ತೀನಿ. ಇಟ್ಕೊಂಡ್ರೆ ಮನುಷ್ಯ ಬದುಕಕ್ಕಾಗಲ್ಲ.”

ಆಸೆ ಏನು ಎಂದು ಕೇಳಿದರೆ, ಕಿಟಕಿ ಇರುವ ಕೋಣೆ ಎನ್ನುತ್ತಾರೆ. ಸಣ್ಣದಾದರೂ ಪರವಾಗಿಲ್ಲ. ಆಮೇಲೆ ಒಣಹಾಕಿದ ಬಟ್ಟೆಗಳ ನಡುವಿನಿಂದ ಒಂದು ಬೂದು ಬಣ್ಣದ ಅಂಗಿ ತೆಗೆದು ತೋರಿಸುತ್ತಾರೆ. ತರಬೇತುದಾರರ ಅಂಗಿ. ತರಬೇತುದಾರರ ಬೆನ್ನ ಮೇಲೆ ಹೆಸರಿರುವ ಪದ್ಧತಿ ಇಲ್ಲ. ಇಲೋನಾ ಅದರ ಕೊರಳಪಟ್ಟಿಯನ್ನು ಮಗುಚುತ್ತಾರೆ. ಒಳಮೈಯಲ್ಲಿ, ತೊಟ್ಟವನ ಕತ್ತಿಗಷ್ಟೇ ತಾಗುವ ಜಾಗದಲ್ಲಿ, ಕೈಯಿಂದ ಹೊಲಿದ ಹನ್ನೊಂದು ಅಕ್ಷರ. ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

“ಸೆಫೊಗೆ ಗೊತ್ತಾ?”

“ಕತ್ತು ಕೆರೀತಿದೆ ಅಂತ ದೂರು ಹೇಳ್ತಿದ್ದ. ಆಮೇಲೆ ಮಗುಚಿ ನೋಡಿರಬೇಕು, ಈಗ ಹೇಳಲ್ಲ.”

ಇದನ್ನು ಬರೆದರೆ ಮೇಲಿನವರಿಗೆ ತಿಳಿದುಹೋಗುತ್ತದೆ, ನಿಯಮದ ಪ್ರಕಾರ ಬಿಚ್ಚಿಸಿದರೂ ಬಿಚ್ಚಿಸಿಯಾರು ಎಂದರೆ, ಇಲೋನಾ ಕೊರಳಪಟ್ಟಿಯನ್ನು ಮೊದಲಿನಂತೆ ಮಡಚಿ ಅಂಗಿಯನ್ನು ಮೊಳೆಗೆ ನೇತುಹಾಕುತ್ತಾರೆ.

“ಬರೀರಿ, ಪರವಾಗಿಲ್ಲ. ಇಲ್ಲಿ ಬಿಚ್ಚೋ ಕೆಲಸ ಬರೋದು ನನಗೊಬ್ಬಳಿಗೇ.”