ಎರಡು ಬಳೆ ಕೊಸರು

ಮೊನ್ನೆ ಜಹೀರಾಬಾದಿನ ಅಂಗಡಿಯೊಂದರಲ್ಲಿ ಮೊಮ್ಮಗಳಿಗೆ ಹಸಿರು ಗಾಜಿನ ಬಳೆ ಕೊಳ್ಳುತ್ತಿದ್ದೆ. ನೂರಕ್ಕೆ ಇಪ್ಪತ್ತು ಕಡಿತ ಎಂದು ಗೋಡೆಗೇ ಬರೆದಿದ್ದರು. ಅಂಗಡಿಯ ಹುಡುಗ ಕಟ್ಟು ಬಿಚ್ಚಿದಾಗ ಬಳೆಗಳು ಝಣ್ ಅಂದವು ನೋಡಿ… ನಮ್ಮ ತಾಂಡೂರಿನ ಓಣಿಯ ಬಳೆ ಖಾಲಾ ಬಂದು ಎದುರಿಗೇ ಕೂತಂತಾಯಿತು.

ಆಗ ನಿಜಾಮರ ಕಾಲ. ಅವಳ ಹೆಸರು ನಮಗೆ ಗೊತ್ತಿರಲಿಲ್ಲ. ಓಣಿಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕಮ್ಮ. ಅವಳ ಮನೆಯಲ್ಲಿ ಉರ್ದು, ನಮ್ಮ ಕಟ್ಟೆಯ ಮೇಲೆ ಕನ್ನಡ. ಅವ್ವನಿಗೂ ಅವಳಿಗೂ ಚೌಕಾಸಿಯೆಂದರೆ ಹಬ್ಬ. ಡಜನ್ನಿಗೆ ಎಂಟಾಣೆ ಎಂದು ಖಾಲಾ, ನಾಲ್ಕೇ ಆಣೆ ಎಂದು ಅವ್ವ. ಕೊನೆಗೆ ಆರಕ್ಕೇ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಇಬ್ಬರೂ ಬಿಡುತ್ತಿರಲಿಲ್ಲ. ಆಮೇಲೆ ಕೊಸರಿನ ತಕರಾರು. ನನಗೆ ಡಜನ್ ತೊಡಿಸಿದ ಮೇಲೆ ಎರಡು ಬಳೆ ಅವ್ವನ ಕೈಗೆ ಪುಕ್ಕಟೆ ಏರಬೇಕು. ಬಳೆಗೆ ಅರ್ಧಾಣೆ, ಎರಡಕ್ಕೆ ಒಂದಾಣೆ, ಆರಾಣೆಯಲ್ಲಿ ಒಂದಾಣೆ ಬಿಟ್ಟರೆ ನಾನು ಉಣ್ಣುವುದೇನು ಎಂದು ಗೊಣಗುತ್ತಲೇ ಖಾಲಾ ತೊಡಿಸುತ್ತಿದ್ದಳು. ತೊಡಿಸುವಾಗ ಒಡೆದದ್ದು ಅವಳ ಲೆಕ್ಕಕ್ಕೇ. ಅದಕ್ಕೆಂದೇ ಅವ್ವ ಕೈ ಬಿಗಿ ಮಾಡಿ ಕಾಡಿಸುತ್ತಿದ್ದಳು.

ಒಂದು ವರ್ಷ, ಜ್ವರ ಅಂತ ಮಲಗಿದ ಅಪ್ಪ ಏಳಲೇ ಇಲ್ಲ. ಅವ್ವ ಮಾತು ಬಿಟ್ಟಳು. ಒಲೆ ಹಚ್ಚುತ್ತಿದ್ದಳು, ಬಡಿಸುತ್ತಿದ್ದಳು, ಅಷ್ಟೆ. ಹೀಗೇ ಉಳಿದುಬಿಡುತ್ತಾಳೇನೋ ಎಂದು ನನಗೆ ಹೆದರಿಕೆ.

ಕೆಲವು ತಿಂಗಳ ಮೇಲೆ ಖಾಲಾ ಬಂದಳು. ಬಾಗಿಲ ಮರೆಯಲ್ಲಿ ಕೂತಿದ್ದ ಅವ್ವನ ಬರಿಗೈ ನೋಡಿ, ಹೆಗಲಿನ ಬಳೆ ಮಲಾರ ಇಳಿಸದೆ ನಿಂತಳು. ಅವ್ವ ನನ್ನತ್ತ ಕೈ ತೋರಿಸಿದಳು. ಖಾಲಾ ನನಗೆ ಒಂದು ಡಜನ್ ತೊಡಿಸಿ, ಎಂಟಾಣೆ ಎಂದಳು. ಅವ್ವ ಸೆರಗಿನ ಗಂಟು ಬಿಚ್ಚಿ ಎಂಟೂ ಆಣೆ ಹೊಸ್ತಿಲ ಮೇಲಿಟ್ಟಳು. ಖಾಲಾ ಮುಟ್ಟಲಿಲ್ಲ.

"ಎಂಟಾಣಿ ಅಂದೀನ್ರಿ ಅಕ್ಕಾ. ಕಡಿಮಿ ಮಾಡಂತ ಕೇಳ್ರಿ."

ಖಾಲಾ ಕಾದು ನೋಡಿ ಇಬ್ಬರ ಮಾತನ್ನೂ ತಾನೇ ಆಡತೊಡಗಿದಳು.

"ನಾ ಎಂಟು ಅಂದೆ. ನೀವು ನಾಲ್ಕು ಅಂತೀರಿ. ನಾ ಏಳಕ್ಕ ಇಳಿತೀನಿ, ನೀವು ಐದಕ್ಕ ಏರ್ತೀರಿ. ಆರಕ್ಕ ಆತು."

ಎರಡಾಣೆ ಹಿಂದಕ್ಕೆ ಸರಿಸಿದಳು. ರೂಢಿ ಕೈ ಬಿಡುತ್ತದೆಯೇ? ಮಲಾರದಿಂದ ಕೊಸರಿನ ಎರಡು ಬಳೆಯನ್ನೂ ತೆಗೆದು ಅವ್ವನ ಕಡೆ ಚಾಚಿಬಿಟ್ಟಳು… ಚಾಚಿದ ಕೈ ಅಲ್ಲೇ ನಿಂತಿತು.

"ಹುಡುಗಿ ಕೈಗೆ ಹಾಕು," ಎಂದಳು ಅವ್ವ. "ನನ್ನ ಕೊಸರು ಬಿಡಂಗಿಲ್ಲ ನಾ."

ಅಂದವಳೇ ಗೋಳೋ ಎಂದು ಅತ್ತಳು. ಹೊಸ್ತಿಲಾಚೆ ಕೂತು ಖಾಲಾನೂ ಅತ್ತಳು. ನನಗೆ ಮಾತ್ರ, ಹೇಳಬಾರದು, ಸಂತೋಷವಾಗಿತ್ತು, ಅವ್ವ ಮಾತಾಡಿದ್ದಳು.

ಮುಂದೆ ನಿಜಾಮರ ಆಳ್ವಿಕೆ ಮುಗಿಯುವ ಗಲಾಟೆಯ ದಿನಗಳು ಬಂದವು. ಖಾಲಾ ಮತ್ತೆ ಬರಲಿಲ್ಲ. ಊರು ಬಿಟ್ಟಳೆಂದು ಕೆಲವರು, ಜೀವಂತವೇ ಇಲ್ಲವೆಂದು ಕೆಲವರು… ಅವ್ವ ಬಹಳ ದಿನ ಓಣಿಯ ಕಡೆ ಕಿವಿಗೊಟ್ಟು ಕೂರುತ್ತಿದ್ದಳು.

ಅಂಗಡಿಯಲ್ಲಿ ಮೊಮ್ಮಗಳು ಕಡಿತ ಕಳೆದು ಲೆಕ್ಕ ಒಪ್ಪಿಸಿದಳು, ಸರಿಯಾಗಿತ್ತು. ಆದರೂ ಎರಡು ಬಳೆ ಕೊಸರು ಹಾಕಪ್ಪಾ ಎಂದೆ. ಎಲ್ಲಾ ಕಡಿಮೆ ಮಾಡಿಯೇ ಬರೆದೀವಿ ಅಜ್ಜಿ ಎಂದು ಹುಡುಗ ನಕ್ಕ. ದುಡ್ಡು ಎಣಿಸಿ ಗಾಜಿನ ಮೇಜಿನ ಮೇಲಿಟ್ಟೆ. ಅವನು ಚೌಕಾಸಿಗೆ ಕಾಯದೆ ಅದನ್ನು ಆಗಲೇ ಎತ್ತಿಕೊಂಡ.