ಕಿಟಕಿಯಾಚೆ ಎತ್ತಿದ ಕೈ

ಆ ಬೀದಿಯಲ್ಲಿ ಪರದೆಯಮ್ಮ ಅಂದರೆ ಎಲ್ಲರಿಗೂ ಗೊತ್ತು. ಹೊಲಿಯುವುದು ಪರದೆ ಮಾತ್ರ. ಅಂಗಿ ಪ್ಯಾಂಟು ಹಿಡಿದುಕೊಂಡು ಬಂದವರಿಗೆ, "ಪಕ್ಕದ ಅಂಗಡಿಗೆ ಹೋಗಿ ಮಾರಾಯ್ರೇ, ಮನುಷ್ಯರ ಅಳತೆ ತಿಂಗಳಿಗೊಂದು ಥರ ಬದಲಾಗುತ್ತೆ, ಕಿಟಕಿ ಹಾಗಲ್ಲ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುವವಳು. ಪರದೆ ಒಯ್ಯಲು ಬಂದವರಿಗೂ ಬೈಗುಳ ತಪ್ಪದು. "ಪರದೆಯ ಹೊಟ್ಟೆ ಹಿಡಿದು ಜಗ್ಗಬೇಡಿ, ಕೊಕ್ಕೆ ಕಿತ್ತು ಬರುತ್ತೆ. ಕೈ ಎತ್ತಿ, ನೆತ್ತಿ ಹತ್ತಿರ ಹಿಡಿದು, ಮೆಲ್ಲಗೆ ಸರಿಸಿ. ಹೀಗೆ!" ಅಂತ ದಿನಕ್ಕೆ ಹತ್ತು ಸಲ ಕೈ ಎತ್ತಿ ತೋರಿಸುತ್ತಾಳೆ. ಊರಿನ ಅರ್ಧ ಕಿಟಕಿಗಳಿಗೆ ಪರದೆ ತೊಡಿಸಿದ ಈ ಮಹಾತಾಯಿ, ಅರವತ್ತು ಮುಟ್ಟುವವರೆಗೂ ಒಂದೇ ಒಂದು ಹೋಟೆಲ್ ಕೋಣೆಯ ಕಿಟಕಿಯಿಂದ ಹೊರಗೆ ಇಣುಕಿದವಳಲ್ಲ. ಇಣುಕಿದ್ದೆಲ್ಲ ಅವಳ ಗಂಡ.

ಗಂಡನಿಗೆ ಬೀದಿಯವರು ಇಟ್ಟ ಹೆಸರು ತಕ್ಕಡಿಯವರು. ತೂಕದ ಯಂತ್ರ ಮಾಡುವ ಕಂಪನಿಯೊಂದರಲ್ಲಿ ರಿಪೇರಿ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ, ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಅಲೆತ. ಮದುವೆಯಾದ ಹೊಸದರಲ್ಲಿ ಮೊದಲ ಪ್ರಯಾಣ ಮುಗಿಸಿ ಬಂದಾಗ ಇವಳು ಬಾಗಿಲಲ್ಲೇ ಹಿಡಿದು ಕೇಳಿದಳು, "ಹೇಗಿತ್ತು ರೀ ಊರು? ಏನೇನಿದೆ ಅಲ್ಲಿ?"

"ಏನಿದೆ ಅಂದ್ರೆ... ಎರಡು ಟನ್ನಿನ ಯಂತ್ರ ಇದೆ. ನಾಲ್ಕು ಕಿಲೋ ಕಡಿಮೆ ತೋರಿಸ್ತಿತ್ತು. ಸರಿ ಮಾಡಿದೆ."

ಎರಡು ದಿನ ಅವಳು ಗಂಡನ ಜೊತೆ ಮಾತಾಡಲಿಲ್ಲ. ಪಾಪ, ಅವರದೇನೂ ತಪ್ಪಿಲ್ಲ. ಬೆಳಗ್ಗೆ ಆರಕ್ಕೆ ಗೋಡೌನಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಕಣ್ಣಿಗೆ ಬೀಳುವ ಊರು ಎಂದರೆ ಹೋಟೆಲ್ ಕಿಟಕಿಯಲ್ಲಿ ಕಾಣುವಷ್ಟೇ. ಮುಂದಿನ ಸಲ ಭಾವಮೈದುನನ ಕ್ಯಾಮೆರಾ ಇಸಿದುಕೊಂಡು ಹೋಗಿ, ಆ ಕಿಟಕಿಯನ್ನೇ ಫೋಟೋ ಹಿಡಿದು ತಂದು ಹೆಂಡತಿಯ ಮಡಿಲಿಗೆ ಹಾಕಿದರು. "ತಗೋ, ಇದೇ ಊರು. ಇದಕ್ಕಿಂತ ಜಾಸ್ತಿ ನಾನೂ ನೋಡಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ! ಮೂವತ್ತನಾಲ್ಕು ವರ್ಷ, ಕೋಣೆಗೊಂದು ಫೋಟೋ, ಒಂದನ್ನೂ ತಪ್ಪಿಸಿದವರಲ್ಲ. ಕಂಪನಿ ಕೊಡಿಸುತ್ತಿದ್ದದ್ದು ಅಗ್ಗದ ಹಿಂಬದಿ ಕೋಣೆ. ಹಾಗಾಗಿ ಸಮುದ್ರವೂ ಇಲ್ಲ, ಬೆಟ್ಟವೂ ಇಲ್ಲ. ನೀರಿನ ಪೈಪು, ಒಣಗಲು ಹಾಕಿದ ಬೆಡ್‌ಶೀಟು, ರೈಲು ಹಳಿ, ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ಯಾರನ್ನೋ ಬೈಯುತ್ತಿರುವ ಗಂಡಸು. ಪರದೆಯಮ್ಮನಿಗೆ ಅಷ್ಟು ಸಾಕು. ಒಂದೊಂದು ಫೋಟೋವನ್ನೂ ಹೊಲಿಗೆ ಯಂತ್ರದ ದೀಪದ ಕೆಳಗಿಟ್ಟು, "ಈ ಮನೆಯವಳು ನನ್ನ ಹಾಗೇ, ಬಟ್ಟೆ ಕ್ಲಿಪ್ಪು ಉಳಿಸೋಕೆ ಎರಡು ಬಟ್ಟೆಗೆ ಒಂದೇ ಹಾಕಿದ್ದಾಳೆ" ಅಂತ ಪತ್ತೆ ಮಾಡುವಳು. ಫೋಟೋಗಳು ಮೂರು ಶೂ ಡಬ್ಬ ತುಂಬಿದವು. "ಮುಂದಿನ ಸಲ ನಿನ್ನನ್ನೂ ಕರ್ಕೊಂಡು ಹೋಗ್ತೀನಿ" ಅನ್ನುವ ಮಾತೂ ಅಷ್ಟೇ ವರ್ಷದಿಂದ ಬರುತ್ತಿತ್ತು. ಅವಳಿಗೆ ಅಂಗಡಿ, ಮಗಳ ಶಾಲೆ, ಅತ್ತೆಯ ಮಂಡಿನೋವು. ಮುಂದಿನ ಸಲ ಮುಂದಕ್ಕೇ ಹೋಯಿತು.

ಆ ಡಬ್ಬಗಳಲ್ಲಿ ಒಂದು ಫೋಟೋ ಮಾತ್ರ ಮನೆಯ ನೆಮ್ಮದಿ ಕೆಡಿಸಿತ್ತು. ಇಪ್ಪತ್ತೆರಡು ವರ್ಷದ ಹಿಂದಿನದು. ಎದುರುಗಡೆ ನಾಲ್ಕು ಮಹಡಿ ಎತ್ತರದ ಬಿಳಿ ಗೋಡೆ. ಹಗ್ಗಕ್ಕೆ ಕಟ್ಟಿದ ಹಲಗೆ ಮೇಲೆ ಕೂತ ಪೇಂಟರ್ ಏನೋ ಜಾಹೀರಾತು ಬರೆಯುತ್ತಿದ್ದಾನೆ. ಬರೆದು ಮುಗಿದದ್ದು ತುದಿಯಲ್ಲಿ ಒಂದು ಕೈ ಅಷ್ಟೇ. ಮೇಲಕ್ಕೆತ್ತಿದ, ಬೆರಳು ಕೊಂಚ ಬಾಗಿದ ದೊಡ್ಡ ಕೈ. ಅದರ ಕೆಳಗೆಲ್ಲ ಖಾಲಿ.

"ಹುಡುಗಿ ರೀ ಇದು. ಯಾರನ್ನೋ ಬಾ ಬಾ ಅಂತ ಕರೀತಿದ್ದಾಳೆ."

"ಹುಡುಗಿಯೂ ಇಲ್ಲ ಗಿಡುಗಿಯೂ ಇಲ್ಲ. ಪೊಲೀಸ್ ಕಣೆ. ಗಾಡಿ ನಿಲ್ಲಿಸ್ತಿದ್ದಾನೆ."

ಇಪ್ಪತ್ತೆರಡು ವರ್ಷ ಇದೇ ಜಗಳ. ಊಟಕ್ಕೆ ಕೂತರೆ ಪೊಲೀಸ್, ಎದ್ದರೆ ಹುಡುಗಿ. ಕೊನೆಗೆ ಪಣ ಕಟ್ಟಿದರು: ಸೋತವರು ಬದುಕಿರುವವರೆಗೂ ಬೆಳಗಿನ ಕಾಫಿ ಮಾಡಿ, ಗೆದ್ದವರ ಹಾಸಿಗೆಗೇ ತಂದುಕೊಡಬೇಕು.

ನಿವೃತ್ತಿಯ ದಿನ ಕಂಪನಿ ಕೊಟ್ಟ ಗೋಡೆ ಗಡಿಯಾರವನ್ನು ಬಿಚ್ಚಿಯೂ ನೋಡದೆ ತಕ್ಕಡಿಯವರು ಹೇಳಿದರು, "ನಡಿ. ಯಾವ ಕಿಟಕಿ ನೋಡ್ಬೇಕು ಹೇಳು."

"ಕೈ!" ಅಂದಳು ಪರದೆಯಮ್ಮ. ಯೋಚನೆಯನ್ನೇ ಮಾಡಲಿಲ್ಲ. ಅಂಗಡಿಗೆ ಬೀಗ ಹಾಕಿ, "ಒಂದು ವಾರ ಇಲ್ಲ" ಅಂತ ಬೋರ್ಡು ಬರೆದು, ಕೊನೆಗೆ ಕೇಳಿದಳು, "ಅಂದ ಹಾಗೆ ಯಾವ ಊರು ರೀ ಅದು?"

ತಕ್ಕಡಿಯವರು ಫೋಟೋ ತಿರುಗಿಸಿದರು. ಹಿಂದೆ ಅವರದೇ ದುಂಡನೆ ಅಕ್ಷರ: "ಯಂತ್ರ ೭೭೧೮. ಕೊರತೆ ಮುನ್ನೂರು ಗ್ರಾಂ."

ಅಷ್ಟೇ! ಊರಿಲ್ಲ, ಹೋಟೆಲಿಲ್ಲ. ಮೂರೂ ಡಬ್ಬ ನೆಲಕ್ಕೆ ಸುರಿದು ನೋಡಿದರೆ ಎಲ್ಲದರದ್ದೂ ಇದೇ ಕಥೆ, ಬರೀ ಯಂತ್ರದ ನಂಬರು. "ಯಂತ್ರ ನೆನಪಿದ್ರೆ ಊರು ನೆನಪಿರುತ್ತೆ ಅಂದ್ಕೊಂಡಿದ್ದೆ ಕಣೆ" ಅಂತ ತಲೆ ಕೆರೆದುಕೊಂಡರು. ಆ ವಾರ ಜ್ವರ ಬಂದ ಸಹೋದ್ಯೋಗಿಯ ಬದಲಿಗೆ ಹೋಗಿ ನಾಲ್ಕು ಊರು ಸುತ್ತಿದ್ದರಂತೆ, ಎಲ್ಲ ಕಲಸುಮೇಲೋಗರ. ಮತ್ತೆ ಆ ಕಡೆ ತಲೆ ಹಾಕಿಲ್ಲ.

"ನೀವೆಲ್ಲಿ ಮಲಗಿದ್ರಿ ಅಂತ ಬರ್ಕೊಂಡಿಲ್ಲ, ಯಂತ್ರಕ್ಕೆಷ್ಟು ಗ್ರಾಂ ಕಡಿಮೆ ಅಂತ ಬರ್ಕೊಂಡಿದ್ದೀರಲ್ರೀ!" ಬಂದ ಸಿಟ್ಟಿಗೆ ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ತನಗೆ ಅಂತ ಕೇಳಿದ್ದು ಒಂದೇ ಒಂದು ಕಿಟಕಿ, ಅದೂ ಕೈಬಿಟ್ಟು ಹೋದರೆ ಹೇಗೆ?

ಸುಮ್ಮನೆ ಕೂರುವವಳೇ ಅಲ್ಲ. ಕಂಪನಿಯ ಹಳೆಯ ಗುಮಾಸ್ತರ ಮನೆಗೆ ಗಂಡನನ್ನು ಎಳೆದುಕೊಂಡೇ ಹೋದಳು. ಗುಮಾಸ್ತರು ಆಫೀಸಿಗೆ ಫೋನು ಮಾಡಿ ಯಂತ್ರಗಳ ಪಟ್ಟಿ ತೆಗೆಸಿ, ೭೭೧೮ ಇರುವ ಊರನ್ನು ಹೇಳಿಯೇಬಿಟ್ಟರು. ಮರುದಿನ ಬೆಳಗಿನ ಬಸ್ಸು. ಪರದೆಯಮ್ಮನ ಕೈಕಾಲು ನಿಲ್ಲುತ್ತಿಲ್ಲ, ಕಿಟಕಿ ಪಕ್ಕದ ಸೀಟಿಗೆ ಗಂಡನ ಜೊತೆ ಮಕ್ಕಳ ಥರ ಕಿತ್ತಾಡಿ ಕೂತಳು.

ಆ ಊರಿನ ಮೂರು ಹೋಟೆಲಿನಲ್ಲೂ ಎತ್ತಿದ ಕೈ ಕಾಣುವ ಕಿಟಕಿ ಇರಲಿಲ್ಲ. ಬೇಸರದಿಂದ ಕೊನೆಗೆ ಯಂತ್ರವನ್ನೇ ನೋಡೋಣ ಅಂತ ಗೋಡೌನಿಗೆ ಹೋದರೆ, ಕಾವಲುಗಾರ ಹೇಳಿದ, "ಇದಾ? ಇದು ಇಲ್ಲಿಗೆ ಬಂದು ಹತ್ತು ವರ್ಷ ಆಯ್ತು ಸಾರ್. ಬೇರೆ ಎಲ್ಲೋ ಇದ್ದಿದ್ದು."

ಪರದೆಯಮ್ಮ ಹಣೆ ಹಣೆ ಚಚ್ಚಿಕೊಂಡಳು. "ಯಂತ್ರಕ್ಕೂ ಊರೂರು ಸುತ್ತೋ ಭಾಗ್ಯ ಇದೆ, ನನಗಿಲ್ಲ!"

ತಕ್ಕಡಿಯವರು ಪ್ಯಾಂಟು ಕೊಳೆಯಾದೀತು ಅನ್ನುವುದನ್ನೂ ನೋಡದೆ ನೆಲಕ್ಕೆ ಕೂತು, ಯಂತ್ರದ ಬುಡದಲ್ಲಿ ಗಟ್ಟಿಯಾಗಿದ್ದ ಜಿಡ್ಡನ್ನು ಕರವಸ್ತ್ರದಿಂದ ತಿಕ್ಕತೊಡಗಿದರು. ಹಿತ್ತಾಳೆಯ ಚಿಕ್ಕ ತಗಡೊಂದು ಕಾಣಿಸಿತು. ಮೊದಲ ಸಲ ಯಂತ್ರ ಕೂರಿಸಿದ ಗಿರಣಿಯ ಹೆಸರು, ಊರು, ವರ್ಷ. ಓದಿದ್ದೇ ತಡ, ಅರವತ್ತೆರಡು ವರ್ಷದ ಮನುಷ್ಯ ಕುಪ್ಪಳಿಸಿಬಿಟ್ಟರು. "ಗೊತ್ತಾಯ್ತು ಕಣೆ! ಬಸ್ ನಿಲ್ದಾಣದ ಎದುರಿಗೆ ಇದ್ದಿದ್ದೇ ಒಂದು ಹೋಟೆಲು. ಮೂರನೇ ಮಹಡಿ. ಲಿಫ್ಟ್ ಇಲ್ಲ, ಮಂಡಿ ಹಿಡಿದಿತ್ತು ನನಗೆ!"

ಮಗಳಿಗೆ ಫೋನು ಹೋಯಿತು. ಅವಳು ಎರಡೇ ನಿಮಿಷದಲ್ಲಿ ಹೋಟೆಲಿನ ನಂಬರು ಹುಡುಕಿಕೊಟ್ಟು, "ಅಮ್ಮಾ, ಆ ಗೋಡೆಯ ಫೋಟೋನೂ ಎಲ್ಲಾದ್ರೂ ಇರಬಹುದು, ನೋಡ್ಲಾ?" ಅಂದಳು.

"ನೋಡಿದ್ರೆ ನೀನು ನನ್ನ ಮಗಳೇ ಅಲ್ಲ!"

ಹೋಟೆಲಿಗೆ ಮಾತಾಡಿದ್ದು ತಕ್ಕಡಿಯವರು. ಹೌದು, ಹಿಂಬದಿ ಕೋಣೆ ಖಾಲಿ ಇದೆ. ಹೌದು, ಎದುರಿಗೆ ಗೋಡೆ ಇದೆ. ಆದರೆ ಆ ಕಟ್ಟಡಕ್ಕೆಲ್ಲ ಹೊಸ ಬಣ್ಣ ಹೊಡೆಯುತ್ತಿದ್ದಾರೆ, ನಾಳೆ ಬೆಳಗ್ಗೆ ಆ ಗೋಡೆಗೂ ಬಂದುಬಿಡುತ್ತಾರೆ. "ಯಾಕೆ ಸಾರ್? ಆ ಹಳೇ ಚಿತ್ರ ನೋಡೋಕಾ? ಅದರಲ್ಲೇನಿದೆ, ಒಬ್ಬ—"

ಪರದೆಯಮ್ಮ ಫೋನು ಕಿತ್ತುಕೊಂಡಳು. "ಹೇಳಬೇಡಿ! ಬಾಯಿ ಮುಚ್ಚಿ! ನಿಮ್ಮ ಕಾಲಿಗೆ ಬೀಳ್ತೀನಿ, ಒಂದಕ್ಷರ ಹೇಳಬೇಡಿ!" ಅಂದವಳೇ ಕರೆ ಕತ್ತರಿಸಿದಳು. ಆಗ ಮಧ್ಯಾಹ್ನ ಹನ್ನೆರಡೂವರೆ. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಕತ್ತಲಾಗುವಷ್ಟರಲ್ಲಿ ಕಂಡರೆ ಕಂಡಿತು, ಇಲ್ಲದಿದ್ದರೆ ನಾಳೆ ಸುಣ್ಣ.

ಅಬ್ಬಬ್ಬಾ, ಆ ಬಸ್ಸು! ಬೇಕಂತಲೇ ಮಾಡಿದ ಹಾಗೆ ಕೈ ತೋರಿಸಿದವರಿಗೆಲ್ಲ ನಿಲ್ಲಿಸಿತು. ಪರದೆಯಮ್ಮ ಡ್ರೈವರ್ ಹಿಂದಿನ ಸೀಟಿಗೆ ಬಂದು ಕೂತು, "ನಿಮ್ಮ ಮನೆಗೆ ಬಿಟ್ಟಿ ಪರದೆ ಹೊಲಿದು ಕೊಡ್ತೀನಿ, ಸ್ವಲ್ಪ ಬೇಗ ಓಡಿಸಿ" ಅಂತ ಆಸೆ ತೋರಿಸಿದಳು. ಆತ ಕನ್ನಡಿಯಲ್ಲೇ ನಕ್ಕು, "ಮೂರು ಕಿಟಕಿ ಇದೆ ಅಮ್ಮಾ" ಅಂದ.

ಹೋಟೆಲಿನ ಕೌಂಟರಿನಲ್ಲಿದ್ದವನು ಇವರನ್ನು ಕಂಡೊಡನೆ ತುಟಿ ಮೇಲೆ ಬೆರಳಿಟ್ಟುಕೊಂಡ. ಮರ್ಯಾದಸ್ಥ. ಆದರೂ ತಡೆಯಲಾರದೆ ಕೇಳಿದ, "ಮುಂದೆ ಪಾರ್ಕ್ ಕಾಣೋ ರೂಮು ಖಾಲಿ ಇದೆಯಲ್ಲಾ ಮೇಡಂ?"

"ಪಾರ್ಕ್ ಯಾರಿಗೆ ಬೇಕಪ್ಪಾ! ನಮಗೆ ಗೋಡೆ ಬೇಕು."

ಮೂರು ಮಹಡಿಯನ್ನು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಬಾಗಿಲು ತೆಗೆದರೆ ಇಷ್ಟಗಲದ ಕೋಣೆ, ಮಡಿಸಿಟ್ಟ ಟವೆಲು, ಬಿಸ್ಕತ್ತಿನಷ್ಟು ದೊಡ್ಡ ಸೋಪು. ಬೇರೆ ಹೊತ್ತಾಗಿದ್ದರೆ ಆ ಸೋಪಿನ ಮುಂದೆಯೇ ಅರ್ಧ ಗಂಟೆ ನಿಲ್ಲುತ್ತಿದ್ದಳು. ಈಗ ಕಣ್ಣೆಲ್ಲ ಕಿಟಕಿಯ ಮೇಲೆ. ಕಂದು ಪರದೆ ಪೂರ್ತಿ ಎಳೆದಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ, "ಯಾವ ಪುಣ್ಯಾತ್ಮ ಹೊಲಿದಿದ್ದು ಇದನ್ನ? ಕೆಳಗಿನ ಮಡಿಕೆ ಒಂದು ಕಡೆ ಇಳಿದಿದೆ" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ನೀವೇ ಸರಿಸಿ ರೀ. ನನಗೆ ಭಯ ಆಗ್ತಿದೆ."

"ನೀನೇ ಸರಿಸು. ನಿನ್ನ ಕಸುಬು ಅದು."

ಪರದೆಯಮ್ಮ ಬಲಗೈ ಎತ್ತಿ, ಪರದೆಯನ್ನು ನೆತ್ತಿ ಹತ್ತಿರ ಹಿಡಿದು, ಮೆಲ್ಲಗೆ ಸರಿಸಿದಳು.

ಗೋಡೆ ಇತ್ತು! ಸಂಜೆಯ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಅಲ್ಲಲ್ಲಿ ಗಾರೆ ಉದುರಿತ್ತು, ಬಣ್ಣ ಮಾಸಿತ್ತು, ಯಾವ ಅಂಗಡಿಯ ಜಾಹೀರಾತೋ ಆ ಹೆಸರೂ ಅಳಿಸಿತ್ತು. ಆದರೆ ಕೈ ಇತ್ತು, ಕೈಯ ಕೆಳಗೆ ತೋಳಿತ್ತು, ತೋಳಿನ ಕೆಳಗೆ ಒಬ್ಬ ಹೆಂಗಸು. ಹುಡುಗಿಯೂ ಅಲ್ಲ, ಪೊಲೀಸೂ ಅಲ್ಲ. ನಡುವಯಸ್ಸಿನವಳು, ಬಲಗೈಯೆತ್ತಿ ಹಸಿರು ಪರದೆಯೊಂದನ್ನು ಸರಿಸಿ ಹೊರಗೆ ನೋಡುತ್ತಿದ್ದಾಳೆ. ಹಿಡಿದದ್ದು ನೆತ್ತಿ ಹತ್ತಿರ, ಕೊಕ್ಕೆ ಕೀಳದ ಹಾಗೆ.

"ರೀ!" ಪರದೆಯಮ್ಮನ ಕಿರುಚಾಟಕ್ಕೆ ಕೆಳಗಿನ ಕೌಂಟರಿನವನೂ ತಲೆ ಎತ್ತಿರಬೇಕು. "ಪರದೆ ರೀ ಅದು! ದಿನಾ ನಾನು ಇದೇ ಕೈಯೆತ್ತಿ ಮಾಡೋ ಕೆಲಸ! ಇಪ್ಪತ್ತೆರಡು ವರ್ಷ ನೋಡಿದ್ರೂ ನನಗೇ ಗೊತ್ತಾಗಲಿಲ್ಲವಲ್ರೀ!" ನಗುನಗುತ್ತಲೇ ಅತ್ತಳು. ಎತ್ತಿದ ಕೈ ಎತ್ತಿದ ಹಾಗೇ ಇತ್ತು.

"ಅಲ್ಲಾಡಬೇಡ" ಅಂದರು ತಕ್ಕಡಿಯವರು. ಯಾವಾಗಲೂ ಕಿಟಕಿಗೆ ಮೂಗು ತಾಗಿಸಿ ಫೋಟೋ ತೆಗೆಯುತ್ತಿದ್ದವರು, ಈ ಸಲ ಬಾಗಿಲಿನವರೆಗೂ ಹಿಂದೆ ಸರಿದು ನಿಂತಿದ್ದರು. ಕ್ಲಿಕ್ ಅಂದಿತು.

ಪಣದಲ್ಲಿ ಇಬ್ಬರೂ ಸೋತಿದ್ದರಿಂದ ಮರುದಿನದ ಕಾಫಿಯನ್ನು ಹೋಟೆಲಿನವರೇ ತಂದುಕೊಟ್ಟರು. ಅದನ್ನು ಕುಡಿಯುತ್ತ, ಎದುರಿನ ಗೋಡೆಗೆ ಮೇಲಿನಿಂದ ಬಿಳಿ ಬಣ್ಣ ಇಳಿಯುವುದನ್ನು ನೋಡಿದರು. ಮೊದಲು ಹೋದದ್ದು ಕೈ. ಪರದೆಯಮ್ಮನಿಗೆ ಅಷ್ಟೇನೂ ಬೇಜಾರಾಗಲಿಲ್ಲ.

ವಾರದ ಮೇಲೆ ಫೋಟೋ ತೊಳೆದು ಬಂತು. ಹೊರಗೆ ಕೈಯೆತ್ತಿದ ಒಬ್ಬಳು, ಒಳಗೆ ಕೈಯೆತ್ತಿದ ಇನ್ನೊಬ್ಬಳು. ಮೂರು ಡಬ್ಬ ಕಿಟಕಿಗಳಲ್ಲಿ ಒಳಗೂ ಮನುಷ್ಯರಿರುವುದು ಇದೊಂದರಲ್ಲೇ. ಅವಳು ಅಭ್ಯಾಸಬಲದಿಂದ ಹಿಂದೆ ತಿರುಗಿಸಿದಳು. ದುಂಡನೆ ಅಕ್ಷರದಲ್ಲಿ ಊರಿನ ಹೆಸರಿತ್ತು, ಹೋಟೆಲಿನ ಹೆಸರು, ಮಹಡಿ, ಕೋಣೆಯ ನಂಬರು, ತಾರೀಕು, ಗಂಟೆ. ಕೊನೆಯ ಸಾಲು: "ಇವಳೂ ಬಂದಿದ್ದಳು."

ಪರದೆಯಮ್ಮ ಅದನ್ನು ಎರಡು ಸಲ ಓದಿ, ಕೈಯಲ್ಲಿದ್ದ ಪರದೆ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು. ಅದು ಗಿರಾಕಿಯ ಬಟ್ಟೆ, ಇರಲಿ. ಆಮೇಲೆ ಶೂ ಡಬ್ಬ ಎಳೆದು, ಕಣ್ಣು ಮುಚ್ಚಿ ಒಳಗೆ ಕೈ ಹಾಕಿ, ಸಿಕ್ಕಿದ ಫೋಟೋವನ್ನು ಗಂಡನ ಮೂಗಿನ ಮುಂದೆ ಹಿಡಿದಳು.

"ಇದು ಯಾವ ಯಂತ್ರ ರೀ?"