ಹಿತ್ತಿಲ ಬಂಡೆಗೆ ಕಿವಿಯಿಟ್ಟ ಅತ್ತೆ

ನಮ್ಮ ಮನೆಯ ಹಿತ್ತಿಲ ಬಾಗಿಲು ತೆಗೆದರೆ ಎದುರಿಗೇ ಒಂದು ಹುಟ್ಟುಬಂಡೆ. ಅದನ್ನು ಹತ್ತಿ ಇಳಿದರೆ ತೆಂಗಿನ ತೋಟ. ಮದುವೆಯಾಗಿ ಬಂದಾಗಿನಿಂದ ನಾನು ಬಿಂದಿಗೆ ಸಮೇತ ಅದನ್ನು ಹತ್ತಿಳಿದವಳೇ. ಆದರೆ ಅತ್ತೆ ಬಿದ್ದು ಸೊಂಟ ಮುರಿದುಕೊಂಡು ವಾಕರ್ ಹಿಡಿದ ಮೇಲೆ ಆ ಬಂಡೆ ಅವರ ಪಾಲಿಗೆ ಗೋಡೆಯಾಯಿತು. ಮುಂಬಾಗಿಲಿಂದ ಸುತ್ತಿ ಹೋಗೋಣವೆಂದರೆ ಹಳ್ಳದ ಕಲ್ಲುದಾರಿ, ವಾಕರ್ ಊರುವಂತಿಲ್ಲ. ನನ್ನ ಗಂಡ ಎತ್ತಿಕೊಂಡು ಹೋಗುತ್ತೇನೆಂದರೆ, "ನಾನೇನ್ ಮೂಟೆಯೇನ್ಲಾ?" ಎಂದು ಬೈಗುಳ. ಕೈಯಾರೆ ತೋಟ ಬೆಳೆಸಿದ ಹೆಂಗಸು ಅಡುಗೆಮನೆ ಕಿಟಕಿಯಿಂದ ಗರಿಗಳ ತುದಿ ನೋಡುತ್ತಾ ಕೂರುವಂತಾಯಿತು.

ಮೆಷಿನ್ ತರಿಸಿ ಬಂಡೆ ಕುಟ್ಟಿಸಿ ತೆಗೆಸೋಣ ಎಂದರು ನನ್ನ ಗಂಡ. ನಾನು ಒಪ್ಪಲಿಲ್ಲ. ಬಂಡೆಗೆ ಒತ್ತಿಕೊಂಡೇ ಕೊಬ್ಬರಿ ಅಟ್ಟವಿದೆ. ಅಲ್ಲಿರುವುದು ತಿಂಗಳುಗಟ್ಟಲೆ ಕದಲದೆ ಒಣಗಬೇಕಾದ ಕಾಯಿ. ಅಟ್ಟ ನಡುಗಿ ಚಿಪ್ಪು ಬಿರಿದರೆ ಒಳಗಿನದೆಲ್ಲ ಕೊಳೆತು ನಾರುತ್ತದೆ. "ಹೋದ್ರೆ ಹೋಗ್ಲಿ ಬುಡು" ಎಂದು ಅವರು ಅಂದಾಗ ಅತ್ತೆಯೇ ರೇಗಿದರು: "ನನ್ ಸಲುವಾಗಿ ಒಂದ್ ಕಾಯಿ ಬಿರಿದ್ರೂ ನಾನ್ ಆ ಕಡೆ ಕಾಲಿಡಾಕಿಲ್ಲ."

ಕೊನೆಗೆ ಚಿಕ್ಕನಾಯಕನಹಳ್ಳಿಯಿಂದ ಒಬ್ಬಾತ ಬಂದ. ಸಣ್ಣ ಡ್ರಿಲ್ಲಿನಿಂದ ಬಂಡೆಗೆ ಸಾಲಾಗಿ ತೂತು ಕೊರೆದು, ಸಿಮೆಂಟಿನಂಥ ಪುಡಿಯನ್ನು ನೀರಲ್ಲಿ ಕಲಸಿ ಸುರಿದ. ಅದು ಒಳಗೇ ಉಬ್ಬಿ ಬಂಡೆಯನ್ನು ಸೀಳುತ್ತದಂತೆ, ಕುಟ್ಟುವುದಿಲ್ಲ, ನಡುಕವಿಲ್ಲ. ಬೆಳಗಿನ ತಂಪಲ್ಲೇ ಸುರಿದು ಗೋಣಿಚೀಲ ಹೊದಿಸಿ, "ಯಾರೂ ಹತ್ರ ಹೋಗ್ಬ್ಯಾಡಿ ಕಣ್ರಮ್ಮ. ಒಂದೊಂದ್ ಸಲ ಮೇಲಕ್ಕೆ ಚಿಮ್ತದೆ, ಕಣ್ಣು ಹೋಯ್ತವೆ" ಎಂದ.

ಮಧ್ಯಾಹ್ನ ಆತನಿಗೂ ನನ್ನ ಗಂಡನಿಗೂ ಪಡಸಾಲೆಯಲ್ಲಿ ಮುದ್ದೆ ಬಡಿಸುತ್ತಿದ್ದೆ. ಅತ್ತೆಯ ಸದ್ದೇ ಇಲ್ಲ. ಅನುಮಾನ ಬಂದು ಹಿತ್ತಿಲಿಗೆ ಓಡಿದರೆ, ಮಹಾತಾಯಿ ಹೊಸ್ತಿಲ ಮೇಲಿಂದ ಕೂತೇ ಜಾರಿಕೊಂಡು ಹೋಗಿ ಬಂಡೆಗೆ ಕಿವಿ ಹಚ್ಚಿದ್ದಾರೆ! ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಆರಿತೋ ಇಲ್ಲವೋ ಹೇಳುವುದರಲ್ಲಿ ನಮ್ಮೂರಲ್ಲಿ ಅವರನ್ನು ಮೀರಿಸಿದವರಿಲ್ಲ. ಬಂಡೆಯನ್ನೂ ಹಾಗೇ ಕೇಳಿ ನೋಡುವ ಧೈರ್ಯ.

"ಸುಮ್ಕಿರೇ, ಒಳಗೆ ಟಿಕ್ ಟಿಕ್ ಅಂತೈತೆ. ಇನ್ನೇನ್ ಬಿರೀತದೆ."

ರಟ್ಟೆ ಹಿಡಿದು ಎಳೆದು ಒಳಗೆ ಕೂರಿಸಿದೆ. ಅಷ್ಟರಲ್ಲಿ ಫಟ್ ಎಂದು ಒಂದು ತೂತಿನಿಂದ ಪುಡಿ ಚಿಮ್ಮಿ ಗೋಣಿ ಹಾರಿತು. "ಬುದ್ಧಿ ಐತಾ ನಿಮ್ಗೆ? ಕಣ್ಣು ಹೋಗಿದ್ರೆ ಯಾವ ಕಣ್ಣಲ್ಲಿ ತೋಟ ನೋಡ್ತಿದ್ರಿ?" ಎಂದು ಕೂಗಾಡಿದೆ. ಅತ್ತೆಯ ಮೇಲೆ ಅಷ್ಟು ದನಿ ಎತ್ತಿದ್ದು ಅದೇ ಮೊದಲು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ತಡ್ಕಳಾಕಾಗ್ಲಿಲ್ಲ ಕಣೇ" ಎಂದರು. ನನ್ನ ಕೋಪವೆಲ್ಲ ಇಳಿದುಹೋಯಿತು.

ಸಂಜೆ ಹೊತ್ತಿಗೆ ಬಂಡೆಯ ಮೇಲೆ ಕೂದಲೆಳೆಯಷ್ಟು ಗೀರು ಕಂಡಿತು. ಮರುದಿನ ಅದು ಕೈ ತೂರುವಷ್ಟು ಅಗಲ. ಅಟ್ಟದಲ್ಲಿ ಒಂದು ಕಾಯಿಯೂ ಮಿಸುಕಿರಲಿಲ್ಲ. ತುಂಡುಗಳನ್ನು ಹಾರೆಯಲ್ಲಿ ಮೀಟಿ ತೆಗೆದು, ಚೂರುಕಲ್ಲು ಮಣ್ಣು ಹಾಕಿ ದಮ್ಮಸ್ಸು ಮಾಡಿ ಇಳಿಜಾರು ದಾರಿ ಮಾಡಿದೆವು.

ಅತ್ತೆ ವಾಕರ್ ಊರುತ್ತಾ ಇಳಿದರು. ನಾನು ಹಿಂದೆಯೇ ಹೊರಟರೆ, "ಕಾಲಿಗಡ್ಡ ಬರಬ್ಯಾಡ, ಹೋಗೇ" ಎಂದರು. ಮೊದಲ ಮರವನ್ನು ತಡವಿದರು, ಪಕ್ಕದ್ದನ್ನೂ ತಡವಿದರು. ಬಿದ್ದ ಗರಿ ಎತ್ತಿಲ್ಲವೆಂದು ನಮ್ಮಿಬ್ಬರಿಗೂ ಅಲ್ಲಿಂದಲೇ ಮಂಗಳಾರತಿ ಮಾಡಿದರು. ಅದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಊಟಕ್ಕೆ ಕರೆದರೆ ಮರದ ಬುಡದ ಕಲ್ಲಿನ ಮೇಲೆ ಕೂತವರು ಏಳಲೇ ಇಲ್ಲ.

"ನಾನ್ ಬರಾಕಿಲ್ಲ, ಇಲ್ಲಿಗೇ ತಗಂಬಾ. ನಿಂದೂ ಬಡಿಸ್ಕಂಡ್ ಬಾ, ಒಟ್ಟಿಗೆ ಉಣ್ಣಾನ."

ಇಷ್ಟು ವರ್ಷ ನಾನು ಅತ್ತೆಗೆ ಬಡಿಸಿ, ಅವರದು ಮುಗಿದ ಮೇಲೆ ಉಂಡವಳು. ಅವತ್ತು ಎರಡು ತಟ್ಟೆ ಹಿಡಿದು ಇಳಿದೆ.